ಇಲಿ ಬಾಣಂತಿಗೆ ಎಣ್ಣೆ ತಿಕ್ಕಿದ್ದು

ನಮ್ಮ ಮನೆಯಿಂದ ಇಲಿ ಎಂಬ ಪ್ರಾಣಿಯ ವಂಶವನ್ನೇ ನಿರ್ಮೂಲ ಮಾಡುತ್ತೇನೆಂದು ಚೌತಿಯ ಬೆಳಗ್ಗೆ ನಾನು ಶಪಥ ಮಾಡಿದೆ. ಸಾಕ್ಷಿಗಿದ್ದವಳು ತೊಟ್ಟಿಲಲ್ಲಿ ಬೆರಳು ಚೀಪುತ್ತಿದ್ದ ಮಗಳು ಹೂವಮ್ಮ ಒಬ್ಬಳೇ!

ಶಪಥಕ್ಕೆ ಕಾರಣವಿತ್ತು. ನಮ್ಮದು ಆದವಾನಿ ಸೀಮೆಯ ನೇಕಾರರ ಮನೆ. ಯುದ್ಧದ ದೆಸೆಯಿಂದ ನೂಲು ಸಿಗುವುದೇ ದುರ್ಲಭವಾಗಿತ್ತು. ಸಿಕ್ಕಿದ್ದಷ್ಟನ್ನೂ ಮಗ್ಗಕ್ಕೇರಿಸಿ ನಮ್ಮನೆಯವರು ಚಿಪ್ಪಗಿರಿಯ ಮದುಮಗಳೊಬ್ಬಳಿಗೆ ಧಾರೆ ಸೀರೆ ನೇಯುತ್ತಿದ್ದರು. ಗಂಜಿ ಹಚ್ಚಿದ ನೂಲೆಂದರೆ ಇಲಿಗೆ ಹೋಳಿಗೆ. ಒಮ್ಮೆ ಬಾಯಿ ಹಾಕಿತೆಂದರೆ ಸೀರೆಯೂ ಇಲ್ಲ, ಮತ್ತೆ ತರಲು ನೂಲೂ ಇಲ್ಲ. ಅಂಥ ಇಲಿಯೊಂದು ಆಗಲೇ, ನೇಯುವಾಗ ಕಾಲು ಇಳಿಬಿಡುವ ಮಗ್ಗದ ಕುಳಿಯಲ್ಲಿ ಬಿಡಾರ ಹೂಡಿತ್ತು!

ಹಕ್ಕಿ ಹಿಡಿಯುವವರು ಆಲದ ಹಾಲನ್ನು ಎಣ್ಣೆಯಲ್ಲಿ ಕುದಿಸಿ ಅಂಟು ಮಾಡುವುದನ್ನು ನನ್ನ ತವರು ದೇವನಕೊಂಡದಲ್ಲಿ ಕಂಡಿದ್ದೆ. ಸಂಜೆ ಗಣಪನಿಗೆ ಕೈಮುಗಿದು, ಅದೇ ಕೈಯಿಂದ ಅವನ ವಾಹನಕ್ಕೆ ಅಂಟು ಕಾಯಿಸಿದೆ! ಹಲಗೆಗೆ ಬಳಿದು, ನಡುವೆ ಶೇಂಗಾ ಇಟ್ಟು, ಮಗ್ಗದ ಪಕ್ಕದಲ್ಲಿರಿಸಿದೆ.

ಬೆಳಗ್ಗೆ ನೋಡಿದರೆ ಇಲಿ ಸಿಕ್ಕಿಬಿದ್ದಿತ್ತು. ನಾಲ್ಕು ಕಾಲೂ ಬಾಲವೂ ಅಂಟಿಕೊಂಡು ಏದುಸಿರು ಬಿಡುತ್ತಿತ್ತು. ನಾನಿನ್ನೂ ವಿಜಯ ಸಾರುವ ಮೊದಲೇ ಅತ್ತೆ ಗುರುಲಿಂಗಮ್ಮನವರು ಕಡುಬಿನ ತಟ್ಟೆ ಹಿಡಿದು ಬಂದರು. ಚೌತಿಯ ಮರುದಿನ ಇವರಲ್ಲಿ ಇಲಿ ಹಬ್ಬವಂತೆ! ಅಂದು ಮಗ್ಗದ ಬಳಿ ಇಲಿಗೆ ಎಡೆ ಇಡಬೇಕು, ಕತ್ತರಿ ಮುಟ್ಟಬಾರದು. ನಾವು ಆ ದಿನ ಏನನ್ನೂ ಕತ್ತರಿಸದಿದ್ದರೆ ಅದೂ ವರ್ಷವಿಡೀ ನೂಲು ಕತ್ತರಿಸುವುದಿಲ್ಲವೆಂದು ಒಪ್ಪಂದ. ಹೋದ ಚೌತಿಗೆ ಬಸುರಿಯಾಗಿ ತವರಲ್ಲಿ ಕೂತಿದ್ದ ನನಗೆ ಇದೆಲ್ಲ ಹೇಗೆ ಗೊತ್ತಾಗಬೇಕು?

“ಊಟಕ್ಕ ಕರದು ಬಾಗಿಲಿಗೆ ಅಂಟು ಬಳದಂಗಾತಲ್ಲವ್ವಾ,” ಎಂದರು ಅತ್ತೆ. ಬಗ್ಗಿ ನೋಡಿ ದನಿ ತಗ್ಗಿಸಿದರು. “ಮೊಲಿ ನೋಡಿಲ್ಲಿ. ಬಾಣಂತಿ ಐತಿದು.”

ಅಷ್ಟರಲ್ಲಿ ತೊಟ್ಟಿಲಲ್ಲಿ ಹೂವಮ್ಮ ಹಸಿದು ಅತ್ತಳು. ಹಲಗೆಯ ಮೇಲೆ ಇಲಿ ಕೀಚೆಂದಿತು. ನನ್ನ ರವಿಕೆ ಒದ್ದೆಯಾಯಿತು. ಯಾರ ಅಳುವಿಗೆ ಎಂದು ಈಗಲೂ ಹೇಳಲಾರೆ.

ಒಂದೇ ಏಟಿಗೆ ಮುಗಿಸಿದರೆ ಅದಕ್ಕೂ ಸುಖವೆಂದು ನಮ್ಮನೆಯವರು ಒನಕೆ ಎತ್ತಿಕೊಂಡು ಬಂದರು. ಹಬ್ಬದ ದಿನ ಬೇಡ, ನಾಳೆ ನೋಡೋಣವೆಂದು ಅತ್ತೆ ತಡೆದರು. ನಾಳೆಯವರೆಗೂ ಚರ್ಮ ಕೀಳುವಂತೆ ಜಗ್ಗಾಡುತ್ತಲೇ ಇರಬೇಕೆ? ಬೆಕ್ಕು ಕೂಡ ಇಷ್ಟು ಹೊತ್ತು ಗೋಳು ಹೊಯ್ದುಕೊಳ್ಳುವುದಿಲ್ಲ!

“ನಾನ ಬಿಡಸ್ತೀನಿ,” ಎಂದೆ.

“ಬಿಟ್ರ ನೂಲು ಕಡಿತೈತಿ,” ಎಂದರು ನಮ್ಮನೆಯವರು.

“ಕಡದ್ರ ನನ್ನ ಬೈರಿ. ಹಿಂಗ ಸಾಯಾದು ನೋಡಾಕ ನನ್ನ ಕೈಲಿ ಆಗಂಗಿಲ್ಲ.”

ಮಗಳಿಗೆ ಎರೆಯಲು ಕಾಯಿಸಿಟ್ಟಿದ್ದ ಎಣ್ಣೆಯನ್ನು ತಂದೆ. ಮೂತಿಗೆ ಬಟ್ಟೆ ಮುಚ್ಚಿ, ಒಂದೊಂದೇ ಕಾಲಿಗೆ ಎಣ್ಣೆ ತಿಕ್ಕಿ ಬಿಡಿಸತೊಡಗಿದೆ. ಮೂಷಿಕ ಮಹಾರಾಣಿಗೆ ಅಭ್ಯಂಜನ!

“ಕೂಸಿಗೂ ಇಷ್ಟು ಎಣ್ಣಿ ತಿಕ್ಕಿಲ್ಲ ನೀನು,” ಎಂದರು ಅತ್ತೆ. “ಇನ್ನೊಂದೀಟು ಲೋಬಾನದ ಹೊಗಿ ಹಾಕಿಬಿಡು.”

ಕೊನೆಗೆ ಬಾಲ ಬಿಟ್ಟುಕೊಂಡಿತು. ಮಹಾರಾಣಿ ಸರ್ರನೆ ನನ್ನ ತೋಳು ಹತ್ತಿ ಮಗ್ಗದ ಕುಳಿಗೆ ಹಾರಿದಳು. ನಾನು ಬೆಚ್ಚಿ ಅಲ್ಲೇ ಕುಸಿದೆ. ಹಬ್ಬಕ್ಕೆಂದು ಉಟ್ಟ ಹೊಸ ಸೀರೆಯ ಸೆರಗು ಹಲಗೆಯ ತುಂಬ ಹರಡಿ ಅಂಟಿಕೊಂಡಿತು! ಎಣ್ಣೆಯೆಲ್ಲ ಇಲಿಗೇ ಮುಗಿದಿತ್ತು. ಎಳೆದಷ್ಟೂ ಅಂಟು ಬಿಗಿಯಿತು. ಕತ್ತರಿ ಕೊಡಿರೆಂದು ಬಾಯಿ ತೆರೆದೆ.

“ಇವತ್ತು ಕತ್ತರಿ ಮುಟ್ಟಂಗಿಲ್ಲ,” ಎಂದರು ಅತ್ತೆ.

ಹಲಗೆಯನ್ನು ಬಾಲದಂತೆ ಎಳೆದುಕೊಂಡು ಒಳಗೆ ಹೋಗಿ ಹಳೆ ಸೀರೆ ಉಟ್ಟು ಬಂದೆ. ಹೊಸದನ್ನು ಹಲಗೆಯ ಸಮೇತ ಮಗ್ಗದ ಪಕ್ಕಕ್ಕಿಟ್ಟೆ.

ಮರುದಿನ ಉಸಿರು ಬಿಗಿಹಿಡಿದು ಮಗ್ಗ ನೋಡಿದೆವು. ಧಾರೆ ಸೀರೆಯ ಒಂದೆಳೆಯೂ ಕಡಿದಿರಲಿಲ್ಲ. ಎಡೆಯ ಕಡುಬು ಖಾಲಿ. ಎಣ್ಣೆ ಹತ್ತಿದ ನನ್ನ ಸೆರಗನ್ನು ಮಾತ್ರ ಇಲಿ ಅಂಟಿನ ಸುತ್ತ ದುಂಡಗೆ ಕಡಿದು, ಉದುರಿದ ಚಿಂದಿಯನ್ನು ಮರಿಗಳ ಹಾಸಿಗೆಗೆ ಒಯ್ದಿತ್ತು. ಸೀರೆ ಹಲಗೆಯಿಂದ ಬೇರೆಯಾಗಿ ಬಿದ್ದಿತ್ತು!

ನಮ್ಮನೆಯವರು ಸೀರೆಯನ್ನೆತ್ತಿ, ತೂತಿನೊಳಗಿಂದ ನನ್ನನ್ನು ನೋಡಿದರು.

“ನೀನು ಅದನ್ನ ಬಿಡಿಸಿದಿ, ಅದು ನಿನ್ನ ಸೀರಿ ಬಿಡಿಸೈತಿ. ನಿನಗಿಂತ ಜಾಣಿ ನೋಡು, ಒಂದು ಹನಿ ಎಣ್ಣಿ ಖರ್ಚು ಮಾಡಿಲ್ಲ.”