ಮಧ್ಯಾಹ್ನದ ಗುಡ್ಡ

ಎಲ್ಲದಕ್ಕೂ ಕಾರಣ ಬಾಗಿಲಿನ ಅಂಚಿಗೆ ಹಚ್ಚಿದ ಒಂದು ರಬ್ಬರ್ ಪಟ್ಟಿ. ಹಚ್ಚಿಸಿದ್ದು ಬೆಳೆಗಾರರ ಸಂಘ. ಅದರಿಂದ ಕೆಟ್ಟದ್ದು ಸಂಘದ ಗೋದಾಮು ನೋಡಿಕೊಳ್ಳುವ ಬಾಸಿಲ್ ಅವರ ನಿದ್ದೆ.

ಬೋಳಾರದಲ್ಲಿ ನದಿಗೆ ಬೆನ್ನು ಹಾಕಿ ನಿಂತ ಹಳೆಯ ಹಂಚಿನ ಗೋದಾಮು ಅದು. ಅದರ ಒಳಗಿನ ಸಣ್ಣ ಕೋಣೆಯಲ್ಲಿ ಸದಸ್ಯರ ಭತ್ತದ ಮೂಟೆಗಳು. ಊರಿಡೀ ಬೆವರುವ ಹೊತ್ತಿನಲ್ಲೂ ಆ ಕೋಣೆ ಮಾತ್ರ ತಂಪು. ಊಟವಾದ ಮೇಲೆ ಬಾಸಿಲ್ ಒಳಗೆ ಹೋಗಿ, ಬಾಗಿಲು ಎಳೆದುಕೊಂಡು, ಕೆಳಸಾಲಿನ ಮೂಟೆಗಳ ಮೇಲೆ ಅಡ್ಡಾಗುತ್ತಿದ್ದರು. ಇದು ಅವರಿಗೂ ಮೂಟೆಗಳಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಕೆಲಸ ಹೋದಂತೆಯೇ. ಕುರ್ಚಿಯಲ್ಲಿ ತೂಕಡಿಸಿದ ಎಂದು ಹಿಂದಿನ ವಾಚ್‌ಮನ್‌ನನ್ನು ಕಳೆದ ವರ್ಷ ಮನೆಗೆ ಕಳುಹಿಸಲಾಗಿತ್ತು. ಕೆಲಸದ ಹೊತ್ತಿನಲ್ಲಿ ನಿದ್ದೆ ಮಾಡಿದವರು ಯಾರೇ ಆಗಲಿ, ಅವರಿಗೂ ಅದೇ ದಾರಿ ಎಂದು ಸಂಘ ಅಂದೇ ತೀರ್ಮಾನಿಸಿತ್ತು. ದೂರು ಕೊಟ್ಟವರೂ ತೀರ್ಮಾನವನ್ನು ಸೂಚಿಸಿದವರೂ ಬಾಸಿಲ್ಲೇ.

ಮಳೆಗಾಲ ಕಳೆದ ಮೇಲೆ ಸಂಘ ಆ ಕೋಣೆಯ ಗೋಡೆಗೆ ಸೋಪಿನ ಡಬ್ಬಿಯಷ್ಟು ದೊಡ್ಡ ಸೆನ್ಸರ್ ಒಂದನ್ನು ಹಾಕಿಸಿತು. ಕೋಣೆಯ ಬಿಸಿ, ತೇವ, ಗಾಳಿ ಮೂರನ್ನೂ ಅಳೆದು ಅದು ಎಲ್ಲ ಸದಸ್ಯರ ಮೊಬೈಲಿಗೆ ಕಳುಹಿಸುತ್ತದೆ. ಬಾಸಿಲ್ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಅದಕ್ಕೆ ಕ್ಯಾಮೆರಾ ಇಲ್ಲ, ಗೊರಕೆ ಕೇಳುವ ಕಿವಿಯೂ ಇಲ್ಲ ಎಂಬುದನ್ನು ಮಾತ್ರ ಮೊದಲ ದಿನವೇ ಸುತ್ತು ಬಳಸಿ ವಿಚಾರಿಸಿಕೊಂಡಿದ್ದರು.

ಹೊರಗಿನ ತೇವ ಒಳಗೆ ಬರಬಾರದೆಂದು ಆ ರಬ್ಬರ್ ಪಟ್ಟಿ ಬಂದದ್ದು ಒಂದು ಸಂಜೆ. ಮರುದಿನ ಹೆಂಡತಿ ಎಲೇನ್ ಹಬ್ಬದಲ್ಲಿ ಉಳಿದ ಹಂದಿಮಾಂಸದ ಬಫಾತನ್ನು ಬುತ್ತಿಗೆ ಧಾರಾಳವಾಗಿ ತುಂಬಿ ಕೊಟ್ಟರು. ಅದನ್ನು ಮುಗಿಸಿ ಮಲಗಿದ ಬಾಸಿಲ್‌ಗೆ ಹತ್ತಿದ್ದು ಅಂಥಿಂಥ ನಿದ್ದೆಯಲ್ಲ.

ಕಿಸೆಯಲ್ಲಿದ್ದ ಫೋನ್ ಆಂಬುಲೆನ್ಸಿನಂತೆ ಕೂಗಿದಾಗ ಅವರು ಮೂಟೆಯಿಂದ ಉರುಳಿ ಕೆಳಗೆ ಬಿದ್ದರು. ಪರದೆಯಿಡೀ ಕೆಂಪು. ಗಾಳಿಯ ಸಂಖ್ಯೆ ಸಾವಿರ ದಾಟಿತ್ತು. ಚಪ್ಪಲಿ ಹುಡುಕುವಷ್ಟರಲ್ಲಿ ಅಧ್ಯಕ್ಷ ಗುರುವಪ್ಪನವರ ಸ್ಕೂಟರ್ ಅಂಗಳಕ್ಕೆ ಬಂತು. ಊರಿನ ಕ್ರೈಸ್ತ ಗಂಡಸರನ್ನೆಲ್ಲ ಕರೆಯುವಂತೆ ಅವರು ಬಾಸಿಲ್ ಅವರನ್ನೂ ಪೊರ್ಬುಗಳು ಎಂದೇ ಕರೆಯುವುದು.

"ಎಂತ ಪೊರ್ಬುಗಳೇ, ಭತ್ತಕ್ಕೆ ಎಂತ ಆಯ್ತು? ನಾಳೆ ಮಿಲ್ಲಿನ ಲಾರಿ ಬರ್ಲಿಕ್ಕುಂಟು. ಕೆಂಪು ಉಂಟು ಅಂತಾದ್ರೆ ಅವ್ರು ಒಂದು ಮೂಟೆ ಮುಟ್ಟುದಿಲ್ಲ."

ಅಧ್ಯಕ್ಷರು ಸೆನ್ಸರ್ ಕಂಪನಿಯ ಇಂಜಿನಿಯರ್ ಸುಮಯ್ಯಾಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಆಕೆ ಪಂಪ್‌ವೆಲ್‌ನಲ್ಲಿ ಫ್ಲೈಓವರಿನ ಅಡಿಯಲ್ಲಿ ಸಿಕ್ಕಿಬಿದ್ದಿದ್ದಳು; ಮುಂದಿನ ಬಸ್ಸು ಅಲುಗಾಡದೆ ತಾನು ಅಲುಗಾಡುವಂತಿಲ್ಲ ಎಂದಳು. ತಾನು ಬಂದು ನೋಡುವವರೆಗೆ ಬಾಗಿಲು ಮುಚ್ಚಿಯೇ ಇರಲಿ ಎಂದೂ ಹೇಳಿದಳು.

"ಅದು ಅಳೆಯುದು ಎಂತದನ್ನು ಮಾರಾಯ್ತಿ?" ಎಂದು ಗುರುವಪ್ಪ ಕೇಳಿದರು.

"ಭತ್ತ ಕೆಡುವಾಗ, ಹುಳ ಹಿಡಿಯುವಾಗ ಇಂಗಾಲದ ಡೈಆಕ್ಸೈಡ್ ಬಿಡ್ತದೆ ಸರ್. ನಾವು ಉಸಿರು ಬಿಟ್ಟ ಹಾಗೇ. ಮೂಗಿಗೆ ವಾಸನೆ ಬರುವ ಮೊದ್ಲೇ ಸೆನ್ಸರಿಗೆ ಗೊತ್ತಾಗ್ತದೆ."

ನಾವು ಉಸಿರು ಬಿಟ್ಟ ಹಾಗೇ. ಬಾಸಿಲ್ ಗೋಡೆಯ ಡಬ್ಬಿಯನ್ನು ನೋಡಿದರು, ಅದರ ನೇರ ಕೆಳಗೆ ತಲೆಯ ಭಾರಕ್ಕೆ ತಗ್ಗಾಗಿದ್ದ ಮೂಟೆಯನ್ನು ನೋಡಿದರು. ಇಷ್ಟು ದಿನ ಬಾಗಿಲಿನ ಸಂದಿಯಲ್ಲಿ ಹೊರಗೆ ಹೋಗುತ್ತಿದ್ದ ಅವರ ಉಸಿರನ್ನು ಇವತ್ತು ರಬ್ಬರ್ ಪಟ್ಟಿ ತಡೆದು ನಿಲ್ಲಿಸಿತ್ತು. ಭತ್ತಕ್ಕೆ ಏನೂ ಆಗಿರಲಿಲ್ಲ. ಬಾಗಿಲು ತೆರೆದಿಟ್ಟು ಎಲ್ಲರೂ ಹೊರಗೆ ನಿಂತರೆ ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಸರಿಹೋಗುತ್ತಿತ್ತು. ಆದರೆ ಏಕೆ ಎಂದು ಕೇಳಿದರೆ ಹೇಳುವುದೇನು?

ಅಷ್ಟರಲ್ಲಿ ಮಂಗಳಾದೇವಿಯಲ್ಲಿ ಬಸ್ಸಿಳಿದು ವೆರೋನಿಕಾ ಬಾಯಿ ಬಂದರು. ಸಂಘದಲ್ಲಿ ಅವರದು ಹದಿನೆಂಟು ಮೂಟೆ, ಮಾತು ಮೂವತ್ತಾರು ಮೂಟೆಯಷ್ಟು. ಅವರ ಹಿಂದೆ ಸಂಘದ ಕಿರಿಯ ಸದಸ್ಯ ಹಿತೇಶ್, ಹಿತೇಶನ ಹಿಂದೆ ಅಲಾರಾಂ ಕೇಳಿಸಿಕೊಂಡ ಇನ್ನೂ ಐದಾರು ಮಂದಿ. ಎಲ್ಲರೂ ಕೋಣೆಯೊಳಗೆ ನುಗ್ಗಿದರು. ಇಂಜಿನಿಯರ್ ಹೇಳಿದ್ದಾರಲ್ಲ ಎಂದು ಕೊನೆಗೆ ಬಂದವನು ಬಾಗಿಲನ್ನು ಒತ್ತಿ ಮುಚ್ಚಿದ.

ಸಂಖ್ಯೆ ಸಾವಿರದೈನೂರಕ್ಕೆ ಹೋಯಿತು.

ವೆರೋನಿಕಾ ಬಾಯಿ ಮುಷ್ಟಿ ತುಂಬಾ ಭತ್ತ ತೆಗೆದು ಮೂಸಿ, ಗುರುವಪ್ಪನವರು ತಂದದ್ದು ಒಣಗಿರಲಿಲ್ಲ ಎಂದು ತೀರ್ಪು ಕೊಟ್ಟರು. ತನ್ನ ಭತ್ತ ಪಾಪಡದ ಹಾಗೆ ಒಣಗಿತ್ತು, ಹುಳ ಬಂದದ್ದು ವೆರೋನಿಕಾ ಬಾಯಿಯ ಹಳೆ ಗೋಣಿಚೀಲದಿಂದ ಎಂದು ಗುರುವಪ್ಪ ವಾದಿಸಿದರು. ಹಿತೇಶ್ ವಿಡಿಯೊ ಮಾಡುತ್ತಾ, ಪ್ರತಿ ಹೊಸ ಸಂಖ್ಯೆಯನ್ನು ಹರಾಜು ಕೂಗುವವನಂತೆ ಕೂಗುತ್ತಿದ್ದ. ಜಗಳ ಜೋರಾದಷ್ಟೂ ಸಂಖ್ಯೆ ಏರುತ್ತಿತ್ತು, ಸಂಖ್ಯೆ ಏರಿದಷ್ಟೂ ಜಗಳ ಜೋರಾಗುತ್ತಿತ್ತು.

"ನಾವೆಲ್ಲ ಹೊರಗೆ ಹೋಗುವ" ಎಂದರು ಬಾಸಿಲ್, ಆದಷ್ಟು ಕಡಿಮೆ ಉಸಿರು ಖರ್ಚು ಮಾಡಿ. "ಬಾಗಿಲು ಸ್ವಲ್ಪ ತೆರೆದಿಡುವ."

ಎಲ್ಲರೂ ಅವರ ಕಡೆ ತಿರುಗಿದರು.

"ನಮ್ಮನ್ನು ಹೊರಗೆ ಹಾಕ್ಲಿಕ್ಕೆ ನಿಮಗೆಂತ ಅಷ್ಟು ಅರ್ಜೆಂಟ್?" ಎಂದು ಕೇಳಿದ ವೆರೋನಿಕಾ ಬಾಯಿಯ ಕಣ್ಣು ಅವರ ಎಡಗೆನ್ನೆಯ ಮೇಲೆ ನಿಂತಿತು. ಗೋಣಿಯ ನೇಯ್ಗೆ ಅಲ್ಲಿ ಎಳೆ ಎಳೆಯಾಗಿ ಅಚ್ಚೊತ್ತಿತ್ತು. "ಅಯ್ಯೋ ದೇವಾ. ಬಾಸಿಲ್ ಬಾಬ್, ಮುಖಕ್ಕೆ ಎಂತ ಆದದ್ದು?"

ಬಾಸಿಲ್ ಉತ್ತರ ಹುಡುಕುವ ಮೊದಲೇ ಉತ್ತರವೂ ವೆರೋನಿಕಾ ಬಾಯಿಯಿಂದಲೇ ಬಂತು. ಇದು ನುಸಿ ಕಚ್ಚಿದ್ದು. ಮನುಷ್ಯನನ್ನೇ ಹೀಗೆ ಕಚ್ಚಿದ ನುಸಿ ಭತ್ತವನ್ನು ಬಿಟ್ಟೀತೇ? ಕೆನ್ನೆಯನ್ನು ನೋಡಲು ಎಲ್ಲರೂ ಒತ್ತಾಗಿ ಬಂದರು. ಹಿತೇಶ್ ಅದರ ಫೋಟೊ ತೆಗೆದು ಸಂಘದ ಗ್ರೂಪಿಗೆ ಹಾಕಿದ. ವೆರೋನಿಕಾ ಬಾಯಿ ಬ್ಯಾಗಿನಿಂದ ತೆಂಗಿನೆಣ್ಣೆಯ ಶೀಶೆ ತೆಗೆದು ಕೆನ್ನೆಗೆ ತಿಕ್ಕಿದರು. ಫೋಟೊ ನೋಡಿ ಇನ್ನೂ ನಾಲ್ಕು ಮಂದಿ ಬಂದರು. ಸಂಖ್ಯೆ ಎರಡು ಸಾವಿರ ದಾಟಿತು.

ಕೋಣೆಯಲ್ಲಿ ಈಗ ನಿಲ್ಲಲು ಜಾಗವಿರಲಿಲ್ಲ. ನುಸಿಯ ವಿಷಗಾಳಿಗೆ ತಲೆ ತಿರುಗುತ್ತಿದೆ ಎಂದು ಯಾರೋ ಹೇಳಿದರು. ಎಲ್ಲ ಮೂಟೆಗಳನ್ನೂ ಹೊತ್ತು ಅಂಗಳಕ್ಕೆ ಸುರಿಯುವುದೆಂದು ತೀರ್ಮಾನವಾಗಿ, ಮೊದಲ ಮೂಟೆಯನ್ನು ಬಾಸಿಲ್ ಅವರ ಬೆನ್ನಿಗೆ ಏರಿಸಿಯೂ ಆಯಿತು. ಆಗ ಸುಮಯ್ಯಾ ಬಂದು ಬಾಗಿಲು ತೆರೆದಳು.

ಒಳಗೆ ತುಂಬಿದ್ದ ಜನರನ್ನು ಅವಳು ಒಬ್ಬೊಬ್ಬರಾಗಿ ಎಣಿಸಿದಳು. ಬಳಿಕ ಎಲ್ಲರನ್ನೂ ಹೊರಗೆ ಕಳುಹಿಸಿ, ಗಾಳಿಯಾಡಿಸಿ, ಮತ್ತೆ ಬಾಗಿಲು ಹಾಕಿ ಕಾದಳು. ಸಂಖ್ಯೆ ಸರಸರನೆ ಇಳಿದು ಪರದೆ ಹಸಿರಾಯಿತು. ತೇವ ಸರಿಯಿತ್ತು, ಬಿಸಿ ಸರಿಯಿತ್ತು. ಭತ್ತಕ್ಕೆ ಏನೂ ಆಗಿಲ್ಲ, ನಾಳೆ ಲಾರಿ ಬರಲಿ ಎಂದಳು. ಬಾಸಿಲ್ ಎಣ್ಣೆಯ ಕೆನ್ನೆ ಒರೆಸಿಕೊಂಡು ಮನಸ್ಸಿನಲ್ಲೇ ಮೇಣದಬತ್ತಿ ಹರಕೆ ಹೊತ್ತರು.

"ಆದ್ರೆ ಒಂದು ವಿಷಯ ಉಂಟು" ಎಂದು ಸುಮಯ್ಯಾ ಲ್ಯಾಪ್‌ಟಾಪ್ ತೆರೆದಳು. ಸೆನ್ಸರ್ ಹಾಕಿದ ದಿನದಿಂದಲೂ ಗಾಳಿಯ ರೇಖೆಯಲ್ಲಿ ಊಟದ ಹೊತ್ತು ಕಳೆದ ಮೇಲೆ ಒಂದು ಸಣ್ಣ ಗುಡ್ಡ ಎದ್ದು, ಚಹಾದ ಹೊತ್ತಿಗೆ ಇಳಿಯುತ್ತಿತ್ತು. ಭಾನುವಾರ ಮಾತ್ರ ಗುಡ್ಡವಿಲ್ಲ. ಬಾಸಿಲ್ ವೇಳಾಂಕಣಿ ಯಾತ್ರೆಗೆ ಹೋಗಿದ್ದ ವಾರದಲ್ಲೂ ಇಲ್ಲ.

ಬಾಸಿಲ್ ಹರಕೆಗೆ ಇನ್ನೊಂದು ಮೇಣದಬತ್ತಿ ಸೇರಿಸಿದರು.

"ಸರಿಯೇ ಅಲ್ವಾ" ಎಂದರು ಗುರುವಪ್ಪ. "ಪೊರ್ಬುಗಳು ಇಲ್ಲದ ದಿನ ಗೋದಾಮಿಗೆ ಬೀಗ. ಬೀಗ ತೆಗೆದ ದಿನ ಎಂತದೋ ಒಂದು ಒಳಗೆ ಬಂದು ಹೋಗ್ತದೆ. ಹೆಗ್ಗಣವಾ?"

"ಹೆಗ್ಗಣಕ್ಕೆ ಅಷ್ಟು ಉಸಿರು ಇಲ್ಲ ಸರ್. ನಾಯಿಗಿಂತ ದೊಡ್ಡದು, ಎಮ್ಮೆಗಿಂತ ಸಣ್ಣದು." ಸುಮಯ್ಯಾ ಬಾಗಿಲು ತೆರೆದು ತಗ್ಗಾದ ಮೂಟೆಯನ್ನು ನೋಡಿದಳು, ಬಾಸಿಲ್ ಅವರ ಕೆನ್ನೆಯನ್ನು ನೋಡಿದಳು, ಮತ್ತೆ ಮೂಟೆಯನ್ನು ನೋಡಿದಳು. ನಗು ತಡೆದ ಅವಳ ತುಟಿ ಅಡಿಕೋಲಿನಷ್ಟು ನೇರವಾಗಿತ್ತು.

ಅದನ್ನು ಹಿಡಿಯದೆ ಬಿಡುವಂತಿಲ್ಲ ಎಂದು ಅಧ್ಯಕ್ಷರು ಘೋಷಿಸಿದರು. ದಿನಾ ಊಟದ ನಂತರ ಒಬ್ಬರು ಆ ಕೋಣೆಯಲ್ಲಿ, ಆ ಮೂಟೆಯ ಮೇಲೆಯೇ, ಬಾಗಿಲು ಹಾಕಿ ಕಾವಲು ಕೂರಬೇಕು. ಹಿತೇಶ್ ತಾನು ಕೂರುತ್ತೇನೆಂದು ಮುಂದೆ ಬಂದ. ಬಾಸಿಲ್ ಅವನಿಗೆ ತಮ್ಮ ಬುತ್ತಿಯ ಅರ್ಧ ಪಾಲನ್ನು ಕೊಡಲೂ ಸಿದ್ಧರಿದ್ದರು.

"ನೀನು ಬೇಡ ಮಾರಾಯ" ಎಂದರು ಗುರುವಪ್ಪ. "ಬೇರೆಯವ್ರು ಕೂತ್ರೆ ನಿದ್ದೆ ಮಾಡ್ತಾರೆ. ಇದಕ್ಕೆ ಪೊರ್ಬುಗಳೇ ಆಗ್ಬೇಕು."

"ಹತ್ತು ನಿಮಿಷಕ್ಕೊಮ್ಮೆ ಈ ಬಟನ್ ಒತ್ತಿ ಸರ್" ಎಂದು ಸುಮಯ್ಯಾ ಬಾಸಿಲ್ ಅವರ ಫೋನಿನಲ್ಲಿ ಏನೋ ಹಾಕಿ ಕೊಟ್ಟಳು. "ಒತ್ತದಿದ್ರೆ ಎಲ್ಲರಿಗೂ ಅಲಾರಾಂ ಹೋಗ್ತದೆ."

"ಎಷ್ಟು ದಿನ ಕೂರ್ಬೇಕು?" ಎಂದು ಬಾಸಿಲ್ ಕ್ಷೀಣವಾಗಿ ಕೇಳಿದರು.

"ಗುಡ್ಡ ಏಳುದು ನಿಲ್ಲುವವರೆಗೆ" ಎಂದರು ಅಧ್ಯಕ್ಷರು.

ಮರುದಿನ ಲಾರಿ ಬಂದು ಅರ್ಧ ಮೂಟೆಗಳನ್ನು ಒಯ್ದಿತು. ಬಾಸಿಲ್ ಅವರ ಹಾಸಿಗೆಯ ಮೂಟೆಗಳು ಮಾತ್ರ ಪುರಾವೆಯಾಗಿ ಅಲ್ಲೇ ಉಳಿದವು. ಊಟ ಮುಗಿಸಿ ಅವರು ಅವುಗಳ ಮೇಲೆ ನೆಟ್ಟಗೆ ಕೂತರು. ಕೋಣೆ ಎಂದಿನಂತೆ ತಂಪಾಗಿತ್ತು. ರೆಪ್ಪೆಗಳು ಒದ್ದೆ ಗೋಣಿಯಂತೆ ಭಾರವಾದವು. ಬಟನ್ ಒತ್ತಿದರು. ಪರದೆಯ ಮೇಲೆ ಗುಡ್ಡ ನಿಧಾನವಾಗಿ ಎದ್ದಿತು. ಉಸಿರು ಬಿಗಿಹಿಡಿದು ನೋಡಿದರು. ಕಣ್ಣು ಕತ್ತಲೆ ಬಂತು, ಗುಡ್ಡ ಇಳಿಯಲಿಲ್ಲ.

ಅಷ್ಟರಲ್ಲಿ ಗುರುವಪ್ಪನವರ ಸಂದೇಶ ಬಂತು: "ಪೊರ್ಬುಗಳೇ, ಅದು ಒಳಗೇ ಉಂಟು. ಅಲ್ಲಾಡಬೇಡಿ. ಇವತ್ತು ಸಿಗದಿದ್ದರೆ ನಾಳೆಯೂ ಕೂರಿ."

ಬಾಸಿಲ್ ದೀರ್ಘವಾಗಿ ನಿಟ್ಟುಸಿರು ಬಿಟ್ಟರು. ಸಂಖ್ಯೆ ಮತ್ತೂ ಏರಿತು.