ಗಾದಿಲಿಂಗನ ಮೊಣಕಾಲು

ನನಗೆ ಫುಟ್‌ಬಾಲ್ ಆಡಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಾನು ಕೊಟ್ಟೂರಿನ ನಮ್ಮ ಫುಟ್‌ಬಾಲ್ ಸಂಘದ ಕಾರ್ಯದರ್ಶಿ. ಕಾಲೇಜಿನಲ್ಲಿ ಓದುವಾಗ ಒಂದು ಸಲ ಚೆಂಡನ್ನು ಒದ್ದದ್ದುಂಟು. ಚೆಂಡು ಇದ್ದಲ್ಲೇ ಇತ್ತು, ನನ್ನ ಚಪ್ಪಲಿ ಗೋಲಿನ ಕಡೆಗೆ ಹೋಯಿತು. ಹಾಗಿದ್ದೂ ಈ ಪದವಿಗೆ ಬಂದದ್ದು ಆಕಳಿಕೆಯಿಂದ. ಸಂಘದ ಸಭೆಯೊಂದರಲ್ಲಿ "ಕಾಗದ ಪತ್ರ ಬರಿಯಾಕ ಯಾರರ ಒಬ್ರು ಬೇಕ್ರಿ" ಎಂದು ಕೇಳಿದಾಗ ಎಲ್ಲರೂ ತಲೆ ತಗ್ಗಿಸಿ ಕೂತರು, ನಾನು ಆಕಳಿಸಿದೆ. ಬಾಯಿ ತೆರೆದದ್ದನ್ನೇ ಒಪ್ಪಿಗೆ ಎಂದು ಬರೆದುಕೊಂಡರು. ಹಗಲೆಲ್ಲ ಕಾಲೇಜಿನ ಆಫೀಸಿನಲ್ಲಿ ವರ್ಗಾವಣೆ ಪತ್ರಗಳಿಗೆ ಮೊಹರು ಒತ್ತುವ ಗುಮಾಸ್ತ ನಾನು. ಸಂಜೆಯಾದರೂ ಯಾರ ಮಾತೂ ಕೇಳದೆ ಕೂರಬೇಕೆಂಬ ನನ್ನ ಒಂದೇ ಒಂದು ಆಸೆ ಅಂದಿಗೆ ಮುಗಿಯಿತು.

ಆಟದಿಂದ ಯಾರಿಗೂ ಅಷ್ಟು ದಣಿವಾಗುವುದಿಲ್ಲ ಎಂಬುದು ನನ್ನ ಅನುಭವ. ಆಟಗಾರ ಒಂದೂವರೆ ತಾಸು ಓಡುತ್ತಾನೆ, ಮನೆಗೆ ಹೋಗಿ ಸ್ನಾನ ಮಾಡಿ ಉಂಡು ಮಲಗುತ್ತಾನೆ. ಆದರೆ ಅಭಿಮಾನಿಗಳ ಆಟಕ್ಕೆ ಕೊನೆಯ ಸೀಟಿ ಊದುವವರೇ ಇಲ್ಲ. ನಮ್ಮ ಸಂಘದ ಅಭಿಮಾನಿಗಳು ಸೇರುವುದು ಬಾಷಾಸಾಬರ ಹೊಲಿಗೆ ಅಂಗಡಿಯಲ್ಲಿ. ಅಲ್ಲಿ ಎರಡು ಪಕ್ಷಗಳಿವೆ. ಒಂದಕ್ಕೆ ಬಾಷಾಸಾಬರೇ ಮುಖಂಡರು, ಇನ್ನೊಂದಕ್ಕೆ ಕರೆಂಟ್ ಆಫೀಸಿನ ನಿವೃತ್ತ ಲೈನ್‌ಮನ್ ಕೊಟ್ರಪ್ಪನವರು. ಇಬ್ಬರೂ ಬಾಲ್ಯದ ಗೆಳೆಯರು. ಒಬ್ಬರು ಹೌದೆಂದರೆ ಇನ್ನೊಬ್ಬರು ಅಲ್ಲವೆನ್ನದೆ ಚಹಾ ಕುಡಿದದ್ದನ್ನು ನಾನು ನೋಡಿಲ್ಲ. ಮೂಲೆಯ ಸ್ಟೂಲಿನ ಮೇಲೆ ಕೂತು ಇಬ್ಬರಿಗೂ ತಲೆಯಾಡಿಸುವುದು ಕಾರ್ಯದರ್ಶಿಯ ಕೆಲಸ.

ಈ ಸಲದ ಜಗಳ ಹುಟ್ಟಿದ್ದು ಗಾದಿಲಿಂಗನಿಂದ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂರಿನ ತಂಡಗಳು ವರ್ಷಕ್ಕೊಮ್ಮೆ ಸೇರಿ ಆಡುತ್ತವೆ. ಒಂದೊಂದು ತಂಡ ಹೊರಗಿನ ಒಬ್ಬ ಆಟಗಾರನನ್ನು ಸೇರಿಸಿಕೊಳ್ಳಬಹುದು. ಹೊಳಲಿನ ಗಾದಿಲಿಂಗ ಹಡಗಲಿಯಲ್ಲಿ ಬಸ್ಸು ರಿಪೇರಿ ಮಾಡುವವನು, ಒಂದು ಕಾಲಕ್ಕೆ ಈ ಐದೂರಿಗೂ ದೊಡ್ಡ ಹೆಸರು. ಮುಂದಿನ ಸಾಲಿನಲ್ಲಿ ಅವನು ನಿಂತರೆ ಎದುರಿನ ಗೋಲ್‌ಕೀಪರು ಮನೆದೇವರನ್ನು ನೆನೆಯುತ್ತಿದ್ದ. ಈಗ ಅವನಿಗೆ ಮೂವತ್ತೇಳು. ಹೋದ ವರ್ಷ ಕೂಡ್ಲಿಗಿಯ ಮೈದಾನದಲ್ಲಿ ಬಿದ್ದ ಮೇಲೆ ಹಡಗಲಿಯವರು ಅವನನ್ನು ಕೈಬಿಟ್ಟಿದ್ದರು. ಒಂದು ದಿನ ಅವನೇ ನನಗೆ ಫೋನು ಮಾಡಿ, "ಸರ್, ನಿಮ್ಮ ಟೀಮಿನ್ಯಾಗ ಜಾಗ ಐತೇನ್ರಿ?" ಎಂದ. ನಾನು ಆ ಮಾತನ್ನು ಅಂಗಡಿಗೆ ಒಯ್ದೆ. ಒಯ್ಯಬಾರದಿತ್ತು.

"ಮಣಕಾಲು ಎರಡು ಸಲ ತಿರುವ್ಯಾನ, ತೊಡಿ ನರ ಹರಕೊಂಡಾನ, ಹಿಮ್ಮಡ ಬಾತೈತಿ" ಎಂದು ಕೊಟ್ರಪ್ಪನವರು ಬೆರಳು ಮಡಿಸುತ್ತ ಹೋದರು. "ನೀವು ಆಟಗಾರನ್ನ ತರಾಕ ಹೊಂಟೀರೋ, ಪೇಷಂಟ್‌ನ ತರಾಕ ಹೊಂಟೀರೋ?"

ಬಾಷಾಸಾಬರು ತಮ್ಮ ಹೊಲಿಗೆ ಯಂತ್ರದ ಬೆನ್ನು ತಟ್ಟಿದರು. "ಈ ಮಷೀನ್ ನೋಡ್ರಿ. ನಮ್ಮಪ್ಪಂದು. ಇವತ್ತಿಗೂ ಹೆಂಗ ಹೊಲಿತೈತಿ!"

"ಹೊಲಿತೈತಿ, ಖರೆ. ನನ್ನ ಪ್ಯಾಂಟು ಎರಡು ತಿಂಗಳಿಂದ ಹೊಲಿಯಾಕ ಹತ್ತೈತಿ."

ಇದೇ ಮಾತು ಹದಿನೈದು ದಿನ ನಡೆಯಿತು. ನಾನು ಬೆಳಿಗ್ಗೆ ಹಾಲಿಗೆ ಹೋದರೆ ಒಂದು ಪಕ್ಷದವರು ಹಿಡಿದುಕೊಳ್ಳುತ್ತಿದ್ದರು, ಸಂಜೆ ತರಕಾರಿಗೆ ಹೋದರೆ ಇನ್ನೊಂದು ಪಕ್ಷದವರು. ಹುಡುಗರೇ ಓಡಲಾರದ ಬಿಸಿಲಲ್ಲಿ ಮುದುಕನನ್ನು ಓಡಿಸುತ್ತೀರಾ ಎಂದು ಒಬ್ಬರು. ಓಡುವವರು ಹತ್ತು ಮಂದಿ ಇದ್ದಾರೆ, ನಿಂತು ಗೋಲು ಹೊಡೆಯುವವನು ಒಬ್ಬ ಬೇಕು ಎಂದು ಇನ್ನೊಬ್ಬರು. ಕಾಲೇಜಿನಲ್ಲಿ ಒಮ್ಮೆ ವಿದ್ಯಾರ್ಥಿಯ ಹೆಸರಿರಬೇಕಾದ ಜಾಗದಲ್ಲಿ ಗಾದಿಲಿಂಗ ಎಂದು ಬರೆದು ಮೊಹರು ಒತ್ತಿಬಿಟ್ಟೆ. ಆ ಹುಡುಗಿಯ ತಂದೆ ನನ್ನನ್ನು ಬಹಳ ಹೊತ್ತು ನೋಡಿದರು.

ಕೊನೆಗೆ ಕೊಟ್ರಪ್ಪನವರೇ ತೀರ್ಮಾನದ ದಾರಿ ತೋರಿಸಿದರು. ಮೊಣಕಾಲಿನ ಎಕ್ಸ್-ರೇ ತರಿಸಿರಿ, ಎಲ್ಲರೂ ನೋಡೋಣ ಎಂದರು. ಗಾದಿಲಿಂಗ ಮರುಮಾತಾಡದೆ ಬಸ್ಸಿನ ಡ್ರೈವರನ ಕೈಯಲ್ಲಿ ಒಂದು ದೊಡ್ಡ ಲಕೋಟೆ ಕಳಿಸಿಕೊಟ್ಟ. ಬಾಷಾಸಾಬರು ಅದನ್ನು ಬಟ್ಟೆ ನೇತುಹಾಕುವ ಕ್ಲಿಪ್ಪಿಗೆ ಸಿಕ್ಕಿಸಿ ಟ್ಯೂಬ್‌ಲೈಟಿನ ಮುಂದೆ ತೂಗುಬಿಟ್ಟರು. ಎಲ್ಲರೂ ಸಿನಿಮಾ ನೋಡುವವರ ಹಾಗೆ ಕತ್ತೆತ್ತಿ ನಿಂತರು. ಕೊಟ್ರಪ್ಪನವರು ಕನ್ನಡಕ ಏರಿಸಿ, "ಇಲ್ಲಿ ನೋಡ್ರಿ, ಎರಡು ಕಂಬದ ನಡುವ ಲೈನು ಜೋತು ಬಿದ್ದಂಗ ಐತಿ. ಯಾವಾಗ ಬೇಕಾದ್ರೂ ಶಾರ್ಟ್ ಆಗತೈತಿ" ಎಂದರು. ಬಾಷಾಸಾಬರು, "ಅದು ಬರೇ ನೆರಳು. ಇಲ್ಲಿ ಒಂದು ಹೊಲಿಗಿ ಹಾಕಿದ್ರ ಮುಗೀತು" ಎಂದರು. ಕೈ ಎತ್ತಿಸಿ ಎಣಿಸಿದಾಗ ಎರಡೂ ಕಡೆ ಸಮವಾಯಿತು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತುಂಬ ಗಂಭೀರವಾಗಿ, "ಮನೆಯವಳಿಗೆ ತೋರಿಸುತ್ತೇನೆ" ಎಂದು ಹೇಳಿ ಅದನ್ನು ಕಂಕುಳಲ್ಲಿ ಹಿಡಿದು ಮನೆಗೆ ಬಂದೆ. ನನ್ನ ಹೆಂಡತಿ ಸರೋಜ ನರ್ಸು. ಮೂಳೆಯ ವಿಷಯದಲ್ಲಿ ನಮ್ಮ ಸಂಘದಲ್ಲಿ ಯಾರಿಗಿಂತಲೂ ಹೆಚ್ಚು ಬಲ್ಲವಳು, ಆದರೆ ಅವಳನ್ನು ಯಾರೂ ಕೇಳಿರಲಿಲ್ಲ.

ಸರೋಜ ಅದನ್ನು ಕಿಟಕಿಗೆ ಹಿಡಿದು ಒಂದು ಗಳಿಗೆ ನೋಡಿದಳು. ಆಮೇಲೆ ಹಿಂದುಮುಂದು ಮಾಡಿ ಮೂಲೆಯಲ್ಲಿದ್ದ ಅಕ್ಷರ ಓದಿದಳು. "ರೀ, ಗಾದಿಲಿಂಗ ಯಾವಾಗ ಹೊನ್ನವ್ವ ಆದ? ಇದು ಯಾರೋ ಮುದುಕೀದು."

ಗಾದಿಲಿಂಗನಿಗೇ ಫೋನು ಮಾಡಿ ಕೇಳಿದೆ. ಅಷ್ಟೂ ಜನ ಒಂದು ತಾಸು ತಿರುಗಾಮುರುಗಾ ತೂಗುಹಾಕಿ ನೋಡಿದ್ದು ಗಾದಿಲಿಂಗನ ತಾಯಿಯ ಮೊಣಕಾಲನ್ನು! ಮರುದಿನ ಅವನೇ ನಮ್ಮ ಮನೆಗೆ ಬಂದ. ಎತ್ತರದ ಆಳು, ಉಗುರುಗಳ ಸಂದಿಯಲ್ಲಿ ಗ್ರೀಸು. ಮೆಟ್ಟಿಲು ಹತ್ತುವಾಗ ಕಂಬ ಹಿಡಿದುಕೊಂಡ, ನಾನು ನೋಡಿದ್ದನ್ನು ಕಂಡು ಕೈ ಬಿಟ್ಟ. "ತಪ್ಪಾತ್ರಿ ಸರ್, ಲಕೋಟಿ ಅದಲುಬದಲು ಆಗ್ಯಾವ. ಅವ್ವನ್ನ ದವಾಖಾನಿಗೆ ಕರಕೊಂಡು ಹೋಗಬೇಕು, ಅದನ್ನ ಕೊಡ್ರಿ. ನಂದು ಇದು" ಎಂದು ಇನ್ನೊಂದು ಲಕೋಟೆ ಮುಂದೆ ಹಿಡಿದ. ಸರೋಜ ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿದಳು. ಅವನದನ್ನು ಮತ್ತೊಮ್ಮೆ ಕಿಟಕಿಗೆ ಹಿಡಿದಳು.

"ನಿಮ್ಮವ್ವಂದ ನೆಟ್ಟಗೈತಿ" ಎಂದಳು ಕೊನೆಗೆ.

ಗಾದಿಲಿಂಗ ನಕ್ಕುಬಿಟ್ಟ. "ಗೊತ್ರಿ ಅಕ್ಕಾರ. ಡಾಕ್ಟ್ರೂ ಹಂಗ ಅಂದ್ರು."

ಚಹಾ ಕುಡಿಯುತ್ತ ಅವನು ತನ್ನ ಮಾತು ಹೇಳಿದ. "ಪೂರಾ ಆಟ ನನ್ನ ಕೈಲೆ ಆಗಂಗಿಲ್ರಿ, ಸುಳ್ಳು ಯಾಕ ಹೇಳಲಿ. ಇಪ್ಪತ್ತು ನಿಮಿಷ ಆಡ್ತೀನಿ. ಹೋದ ವರ್ಷ ಕೂಡ್ಲಿಗ್ಯಾಗ ಬಿದ್ದಾಗ ನಾಕು ಮಂದಿ ಎತ್ತಿಕೊಂಡು ಹೊರಗ ತಂದ್ರು. ಆಟ ನೋಡಾಕ ಬಂದಿದ್ದ ನಮ್ಮವ್ವ ಟಿವಿಯಾಗ ಹೆಣ ತರೂದು ನೋಡ್ಯಾಳ, ನಾನೂ ಹಂಗ ಕಂಡ್ನಂತ. ಇಪ್ಪತ್ತು ವರ್ಷ ಆಡೀನ್ರಿ. ಕೊನೀ ಸಲ ಮೈದಾನದಿಂದ ನನ್ನ ಕಾಲಿಲೆ ನಡಕೊಂಡು ಹೊರಗ ಬರಬೇಕು. ಅಷ್ಟರಿ."

ನಾನು ಸರೋಜಳ ಮುಖ ನೋಡಿದೆ. ಅವಳು ನರ್ಸಾಗಿ ಬೇಡವೆಂದು ತಲೆಯಾಡಿಸಿದಳು, ಆಮೇಲೆ ಚಹಾದ ಕಪ್ಪು ಬಸಿಗಳನ್ನು ಎತ್ತಿಕೊಂಡು ಒಳಗೆ ಹೋಗುವಾಗ "ಪಟ್ಟಿ ನಾನು ಕಟ್ತೀನಿ" ಎಂದಳು. ಸಂಜೆ ಅಂಗಡಿಗೆ ಹೋಗಿ, ಜೀವನದಲ್ಲಿ ಮೊದಲ ಸಲ ಎದ್ದು ನಿಂತು, ಗಾದಿಲಿಂಗನನ್ನು ತೆಗೆದುಕೊಂಡಾಯಿತು ಎಂದೆ. ಏಕೆಂದು ಕೇಳಿದ್ದಕ್ಕೆ ಅವನು ಹೇಳಿದ್ದನ್ನು ಹೇಳಿದೆ. ಕೊಟ್ರಪ್ಪನವರು, "ಇದು ಫುಟ್‌ಬಾಲೋ, ಧರ್ಮಛತ್ರಾನೋ?" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು. ಅವರ ಚಹಾ ಹಾಗೇ ಉಳಿಯಿತು. ಇಂಥದು ಹಿಂದೆಂದೂ ಆಗಿರಲಿಲ್ಲ.

ಪಂದ್ಯ ಹಗರಿಬೊಮ್ಮನಹಳ್ಳಿಯಲ್ಲಿ, ಹರಪನಹಳ್ಳಿಯವರ ಮೇಲೆ. ಟೆಂಪೋದಲ್ಲಿ ಆಟಗಾರರು ನಿದ್ದೆ ಮಾಡಿದರು, ಅಭಿಮಾನಿಗಳು ದಾರಿಯುದ್ದಕ್ಕೂ ಆಡಿದರು. ಮೊದಲ ಅರ್ಧದಲ್ಲೇ ಹರಪನಹಳ್ಳಿಯವರು ಒಂದು ಗೋಲು ಹೊಡೆದರು. ಗಾದಿಲಿಂಗ ಮೊಣಕಾಲಿಗೆ ಸರೋಜ ಕಟ್ಟಿದ ಪಟ್ಟಿಯೊಂದಿಗೆ ಬೇವಿನ ಗಿಡದ ಕೆಳಗೆ ಸುಮ್ಮನೆ ಕೂತಿದ್ದ. "ಇಳಿಸ್ರಿ ಅವನ್ನ" ಎಂದು ಬಾಷಾಸಾಬರು ನನ್ನ ಎಡಗಿವಿಯಲ್ಲಿ. "ಇಳಿಸಿದ್ರ ನೋಡ್ರಿ ಮತ್ತ" ಎಂದು ಕೊಟ್ರಪ್ಪನವರು ಬಲಗಿವಿಯಲ್ಲಿ. ಬರುವುದಿಲ್ಲ ಬರುವುದಿಲ್ಲ ಎಂದು ಹೇಳುತ್ತಲೇ ಅವರು ಟೆಂಪೋದಲ್ಲಿ ಎಲ್ಲರಿಗಿಂತ ಮೊದಲು ಕೂತಿದ್ದರು. ಇಪ್ಪತ್ತು ನಿಮಿಷ ಉಳಿದಾಗ ನಮ್ಮ ನಾಯಕ ವಿರೂಪಾಕ್ಷ ಕೈ ಬೀಸಿ ಕರೆದ. ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿರುವ ಅವನು ಮಾತು ಕಡಿಮೆಯ ಮನುಷ್ಯ. ಗಾದಿಲಿಂಗ ಎದ್ದು ನೆಲ ಮುಟ್ಟಿ ನಮಸ್ಕರಿಸಿ ಒಳಗೆ ಹೋದ.

ಹೋಗಿ ನಿಂತ. ನಿಜವಾಗಿ ನಿಂತೇಬಿಟ್ಟ. ಚೆಂಡು ಅತ್ತ ಹೋದರೆ ಅತ್ತ ನೋಡುವನು, ಇತ್ತ ಬಂದರೆ ಇತ್ತ ನೋಡುವನು. "ನೆಟ್ಟ ಕಂಬ ಆಗ್ಯಾನ" ಎಂದರು ಕೊಟ್ರಪ್ಪನವರು. ಆದರೆ ಹೆಸರು ಇನ್ನೂ ಓಡುತ್ತಿತ್ತು. ಹರಪನಹಳ್ಳಿಯ ಇಬ್ಬರು ಅವನನ್ನು ಬಿಟ್ಟು ಕದಲಲಿಲ್ಲ. ಅವನು ಮೆಲ್ಲಗೆ ಬಲಕ್ಕೆ ನಡೆದರೆ ಆ ಇಬ್ಬರೂ ಬಲಕ್ಕೆ ನಡೆದರು. ಎಡಗಡೆ ಖಾಲಿಯಾದ ಜಾಗದಲ್ಲಿ ವಿರೂಪಾಕ್ಷ ನುಗ್ಗಿ ಗೋಲು ಹೊಡೆದ. ಬಾಷಾಸಾಬರು ನನ್ನನ್ನು ಅಪ್ಪಿಕೊಂಡು ಕುಣಿದದ್ದರಿಂದ ಅದನ್ನು ನಾನು ಪೂರ್ತಿ ನೋಡಲಿಲ್ಲ.

ಆಮೇಲಿನದನ್ನು ಪೂರ್ತಿ ನೋಡಿದೆ. ಆಟ ಮುಗಿಯಲು ಬಂದಾಗ ಎತ್ತರದಿಂದ ಒಂದು ಚೆಂಡು ಗಾದಿಲಿಂಗನ ಮುಂದೆ ಬಿತ್ತು. ಆ ಇಬ್ಬರೂ ಅರೆಗಳಿಗೆ ತಡವಾದರು. ಅವನು ತಿರುಗಿದ. ಅಷ್ಟು ಹಗುರಾಗಿ ಒಬ್ಬ ಭಾರದ ಮನುಷ್ಯ ತಿರುಗುವುದನ್ನು ನಾನು ಕಂಡಿಲ್ಲ. ಒದ್ದ. ಚೆಂಡು ಅಡ್ಡಗಂಬಕ್ಕೆ ಬಡಿದು ಆಚೆ ಹಾರಿತು. ಗಾದಿಲಿಂಗ ಇತ್ತ ಕುಸಿದ.

ಸ್ಟ್ರೆಚರ್ ಹಿಡಿದುಕೊಂಡು ಓಡಿದರು. ಅವನು ಕೈ ಅಡ್ಡ ಮಾಡಿದ. ನೆಲಕ್ಕೆ ಕೈಯೂರಿ ಎದ್ದ, ಬಿದ್ದ, ಮತ್ತೆ ಎದ್ದ. ಹರಪನಹಳ್ಳಿಯ ಕಡೆಯವರೊಬ್ಬರು, "ಬೇಗ ಹೊರಗೆ ಕಳ್ಸ್ರಿ ಸಾರ್, ಟೈಮ್ ವೇಸ್ಟ್ ಮಾಡ್ತಾನೆ" ಎಂದು ಕೂಗಿದರು. ನಮ್ಮ ಕಡೆಯ ನಾಲ್ಕು ಜನ ಅವನನ್ನು ಎತ್ತಲು ಒಳಗೆ ನುಗ್ಗಿದರು. ಆಗ ನನ್ನ ಬಲಗಿವಿ ಹರಿಯುವಂತೆ ಕೊಟ್ರಪ್ಪನವರು ಕೂಗಿದರು. "ಲೇ! ಯಾರೂ ಮುಟ್ಟಬ್ಯಾಡ್ರಿ ಅವನ್ನ! ಬರ್ತಾನ ಅವ. ತಾನ ಬರ್ತಾನ!"

ಬಂದ. ಎಷ್ಟು ಹೊತ್ತಾಯಿತೋ. ಒಂದು ಹೆಜ್ಜೆ, ನಿಲ್ಲುವುದು, ಮತ್ತೊಂದು ಹೆಜ್ಜೆ. ರೆಫರಿ ಗಡಿಯಾರ ನೋಡುವುದನ್ನು ಬಿಟ್ಟ. ಗಾದಿಲಿಂಗನ ಮೈಗಂಟಿ ನಿಂತಿದ್ದ ಆ ಇಬ್ಬರು ಹರಪನಹಳ್ಳಿಯವರೂ ದೂರ ಸರಿದು ಚಪ್ಪಾಳೆ ತಟ್ಟತೊಡಗಿದರು. ಕೊಟ್ರಪ್ಪನವರು ಗೆರೆಯಾಚೆ ಅವನ ಜೊತೆಜೊತೆಗೇ ನಡೆಯುತ್ತಿದ್ದರು. ಅವನು ನಿಂತರೆ ನಿಲ್ಲುವರು, ಅವನು ನಡೆದರೆ ನಡೆಯುವರು. ಗೆರೆ ದಾಟಿ ಅವನ ಎರಡೂ ಕಾಲು ಹೊರಗೆ ಬಂದ ಮೇಲಷ್ಟೇ ಹೆಗಲು ಕೊಟ್ಟರು.

ಪೆನಾಲ್ಟಿಯಲ್ಲಿ ನಾವು ಸೋತೆವು. ವಾಪಸು ಬರುವಾಗ ಟೆಂಪೋದಲ್ಲಿ, ಆ ಗೋಲಿಗೆ ಗಾದಿಲಿಂಗನೇ ಕಾರಣ ಎಂದು ಬಾಷಾಸಾಬರೂ, ಚೆಂಡನ್ನೇ ಮುಟ್ಟದವನು ಹೇಗೆ ಕಾರಣ ಎಂದು ಕೊಟ್ರಪ್ಪನವರೂ ಶುರುಮಾಡಿದರು. ಗಾದಿಲಿಂಗ ಕೊಟ್ರಪ್ಪನವರ ತೊಡೆಯ ಮೇಲೆ ಕಾಲು ಚಾಚಿ ನಿದ್ದೆ ಹೋಗಿದ್ದ. ಅವನಿಗೆ ಎಚ್ಚರವಾದೀತೆಂದು ಇಬ್ಬರೂ ಪಿಸುಮಾತಿನಲ್ಲಿ ಜಗಳವಾಡಿದರು.

ಅದಾಗಿ ಕೆಲವು ತಿಂಗಳಾದವು. ಗಾದಿಲಿಂಗ ಆಟ ಬಿಟ್ಟ. ಹೊಳಲಿನಲ್ಲಿ ಆರಾಮವಾಗಿದ್ದಾನಂತೆ, ತಾಯಿಗಿಂತ ಸ್ವಲ್ಪ ಹಿಂದೆ ನಡೆಯುತ್ತಾನಂತೆ. ಅಂಗಡಿಯ ಎರಡೂ ಪಕ್ಷಗಳು ಅವನನ್ನು ಮರೆತು ಈಗ ಹೊಸ ಗೋಲ್‌ಕೀಪರನ ದೃಷ್ಟಿಯ ಬಗ್ಗೆ ಜಗಳವಾಡುತ್ತಿವೆ. ಎಲ್ಲರಿಗೂ ನೆಮ್ಮದಿ. ಮೊನ್ನೆ ಭಾನುವಾರ ಬೆಳಿಗ್ಗೆ ಮುಂದಿನ ಸಲದ ತಂಡದ ಪಟ್ಟಿ ಬರೆಯಲು ಕೂತೆ. ಹೊರಗಿನ ಆಟಗಾರ ಎಂಬ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ತಾಯಿಯ ಆರೋಗ್ಯ ವಿಚಾರಿಸೋಣ ಎಂದುಕೊಂಡು ಹೊಳಲಿಗೆ ಫೋನು ಮಾಡಿದೆ. ವಿಚಾರಿಸಿದೆ. ಮಳೆಯ ಬಗ್ಗೆಯೂ ವಿಚಾರಿಸಿದೆ. ಆಮೇಲೆ ನನ್ನದೇ ದನಿ, "ಅಲ್ಲಪ್ಪಾ, ಇಪ್ಪತ್ತು ಬ್ಯಾಡ. ಒಂದ್ ಹತ್ತು ನಿಮಿಷ..." ಎನ್ನುವುದು ನನಗೇ ಕೇಳಿಸಿತು.

ಅತ್ತ ಕಡೆ ಗಾದಿಲಿಂಗ ನಕ್ಕ. "ಸರ್, ಅಕ್ಕಾರ್ನ ಕೇಳೀರೇನ್ರಿ?"

ತಿರುಗಿ ನೋಡಿದರೆ ಸರೋಜ ಬಾಗಿಲಲ್ಲಿ ನಿಂತಿದ್ದಳು. ನಾನು ಫೋನು ಕೆಳಗಿಟ್ಟೆ.

"ಯಾರ್ದು?" ಎಂದಳು.

"ರಾಂಗ್ ನಂಬರು" ಎಂದೆ. ಫೋನು ಮಾಡಿದವನೇ ನಾನು ಎಂಬುದು ಆಮೇಲೆ ಹೊಳೆಯಿತು. ಅವಳಿಗೆ ಮೊದಲೇ ಹೊಳೆದಿತ್ತು.