ನನ್ ಬಯಲಿಗೆ ಯಾವ ಬಣ್ಣ?

ನೆಲದ ಮೇಲೆ ಏನಿದೆ ಎಂದು ಬರೆದುಕೊಳ್ಳಲು ಹೊರಟವರಿಗೆ ನೆಲಕ್ಕಿಂತ ಮೊದಲು ಅದರ ಮೇಲೆ ನಿಂತಿರುವ ಮನುಷ್ಯರು ಸಿಗುತ್ತಾರೆ. ಅವರು ಸಿಕ್ಕ ಮೇಲೆ ಏನೂ ಆಗದೆ ಸುಮ್ಮನೆ ಮನೆಗೆ ಬಂದ ದಿನ ನನಗೆ ಒಂದೂ ನೆನಪಿಲ್ಲ.

ನಾನು ಸರ್ಕಾರಿ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು. ಮನೆ ತಮಿಳು ಸೀಮೆಯ ಅದಿಯಮಾನ್‌ಕೋಟೆಯ ಹತ್ತಿರ. ನಮ್ಮ ಯಜಮಾನರು ತೀರಿಕೊಂಡು ಏಳು ತಿಂಗಳಾಗಿದ್ದಾಗ, ಕಂಬೈನಲ್ಲೂರಿನ ಆಚೆ ಕನ್ನಡ ಮಾತಾಡುವ ಒಂದು ಊರಿನಲ್ಲಿ ಭೂಬಳಕೆ ಪಟ್ಟಿ ಮಾಡುವ ಕೆಲಸಕ್ಕೆ ಮುಖ್ಯೋಪಾಧ್ಯಾಯರು ನನ್ನ ಹೆಸರು ಬರೆದುಕೊಟ್ಟರು. “ಸ್ವಲ್ಪ ಹೊರಗೆ ಓಡಾಡಿದರೆ ಒಳ್ಳೆಯದಮ್ಮ” ಎಂದರು. ಆಗ ಅವರ ಮೇಲೆ ಕೋಪ ಬಂದಿತ್ತು. ಈಗ ಅವರನ್ನು ಕಂಡಾಗಲೆಲ್ಲ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಆ ಊರ ಪಕ್ಕ ಬೈಪಾಸ್ ಬಂದಿತ್ತು. ಮುಂದೆ ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಕಟ್ಟಬಾರದು ಎಂದು ಹೇಳುವ ಹೊಸ ನಕ್ಷೆ ತಯಾರಾಗುತ್ತಿತ್ತು. ನಾನು ಪ್ರತಿ ಸರ್ವೆ ನಂಬರಿಗೂ ಹೋಗಿ ನಿಂತು, ಈಗ ಅಲ್ಲಿ ಏನು ನಡೆಯುತ್ತಿದೆ ಎಂದು ಬರೆಯಬೇಕು. ನಕ್ಷೆಯಲ್ಲಿ ಮನೆಗೆ ಹಳದಿ, ಅಂಗಡಿಗೆ ನೀಲಿ, ಬೇಸಾಯಕ್ಕೂ ಮೇವಿಗೂ ಹಸಿರು. ಜೊತೆಗೆ ತಲಯಾರಿ ಇರುತ್ತಿದ್ದ. ಗ್ರಾಮ ಕಚೇರಿಯ ಆಳು. ಊರಿನ ಒಂದೊಂದು ಬದುವೂ ಅವನಿಗೆ ಗೊತ್ತು. ನಾನು ಮಾತಾಡುವವಳಲ್ಲ ಎಂದು ಮೊದಲ ಗಂಟೆಯಲ್ಲೇ ತಿಳಿದುಕೊಂಡು, ನನ್ನ ಪಾಲಿನ ಮಾತನ್ನೂ ಅವನೇ ಆಡಿಬಿಡುತ್ತಿದ್ದ.

ಮೊದಲ ದಿನವೇ ದಾರಿಗೆ ಅಡ್ಡ ನಿಂತವಳು ಕುರಿಯವ್ವ. ಅರವತ್ತು ದಾಟಿದ ಹೆಂಗಸು. ನಲವತ್ತು ಕುರಿಗಳಿವೆ, ಒಂದು ಸೆಂಟು ನೆಲವಿಲ್ಲ. ಊರ ಕುರಿಗಳೆಲ್ಲ ಮೇಯುವ, ಸಂಜೆ ಬಂದು ಮಲಗುವ ಒಂಬತ್ತು ಎಕರೆ ಬಯಲನ್ನೇ ಅವಳು ನಂಬಿಕೊಂಡಿದ್ದಳು. ಕರಡು ನಕ್ಷೆಯಲ್ಲಿ ಅದಕ್ಕೆ ಹಳದಿ ಬಳಿದಿದ್ದರು. ಹಳದಿ ಉಳಿದರೆ ಅಲ್ಲಿ ಸೈಟುಗಳು ಬೀಳುತ್ತವೆ, ಅವಳು ಕುರಿಗಳನ್ನು ಮಾರಿಬಿಡಬೇಕು.

“ಟೀಚರಮ್ಮ, ನನ್ ಬಯಲಿಗೆ ಯಾವ ಬಣ್ಣ?”

“ಹಳದಿ, ಅವ್ವ. ಬದಲಾಯಿಸುವುದು ನನ್ನ ಕೈಯಲ್ಲಿಲ್ಲ. ಜಿಲ್ಲೆಯ ಅಧಿಕಾರಿ ಬಂದು ನೋಡಬೇಕು.”

“ಬರ್ಲಿ. ಅವ್ರಿಗೂ ಕಣ್ಣೈತಲ್ಲ.”

ಆಮೇಲೆ ದಿನವೂ ಇದೇ ಪ್ರಶ್ನೆ, ಇದೇ ಉತ್ತರ.

1. ಮೋಟರಿನ ಮನೆ

ಕಡಲೆಕಾಯಿ ಹೊಲದ ನಡುವೆ ಎರಡು ಅಂತಸ್ತಿನ ಕಟ್ಟಡ ನಿಂತಿತ್ತು. ಎಂಟು ಕಿಟಕಿ, ಒಂದು ಬಾಲ್ಕನಿ. ದಾಖಲೆಯಲ್ಲಿ ಅದು ಬರೀ ಹೊಲ. ಮನೆ ಕಟ್ಟಲು ಯಾರೂ ಅನುಮತಿ ಕೇಳಿರಲಿಲ್ಲ.

“ಇದು ಏನು?” ಎಂದೆ.

“ಮೋಟ್ರು ಶೆಡ್ಡು, ಟೀಚರಮ್ಮ” ಎಂದ ಹೊಲದ ಯಜಮಾನ, ರೆಪ್ಪೆ ಬಡಿಯದೆ.

“ಮೋಟ್ರಿಗೆ ಮಾಡಿ ಯಾಕ್ಲಾ?” ತಲಯಾರಿ ಕೇಳಿದ. ಮಾಡಿ ಎಂದರೆ ಮಹಡಿ.

“ಈ ಬಿಸ್ಲು ನೋಡ್ದಾ? ಕೆಳಗಿಟ್ರೆ ಸೂಡಾಗಿ ಸುಟ್ಟೋಯ್ತದೆ. ಮ್ಯಾಲೆ ಗಾಳಿ ಬತ್ತದೆ.”

“ಒಳ್ಗೆ ಮಂಚ ಕಾಣ್ತೈತೆ?”

“ಮೋಟ್ರು ಕಾಯೋರು ಮನಿಕ್ಕೋಬಾರ್ದಾ?”

“ತೊಟ್ಲು?”

ಅದಕ್ಕೆ ಅವನು ಉತ್ತರ ಹುಡುಕುತ್ತಿರುವಾಗ ಮೇಲಿನಿಂದ ಒಂದು ಗಂಟಲು ಶುರುವಾಯಿತು. ಬಾಗಿಲಲ್ಲಿ ನಿಂತವರು ಯಾರು, ದನಕ್ಕೆ ನೀರು ಇಟ್ಟರೋ ಇಲ್ಲವೋ, ಈ ಮನೆಯಲ್ಲಿ ತನ್ನ ಮಾತು ಕೇಳುವವರು ಯಾರಿದ್ದಾರೆ, ಎಲ್ಲವೂ ಒಂದೇ ಉಸಿರಿನಲ್ಲಿ. ಅಷ್ಟರಲ್ಲಿ ಅವನ ಹೆಂಡತಿ ಕಾಫಿ ತಂದಳು. ಲೋಟ ನನ್ನ ಕೈಗೆ ಕೊಟ್ಟು, ಮೆಲ್ಲಗೆ ಹೇಳಿದಳು:

“ಇವ್ರು ಸುಳ್ಳೇಳ್ಲಿಲ್ಲ ಟೀಚರಮ್ಮ. ಮೋಟ್ರು ಮ್ಯಾಲೇ ಐತೆ. ನಮ್ಮತ್ತೆ. ಬೆಳಗ್ಗೆ ಆನ್ ಆದ್ರೆ ಕರೆಂಟ್ ಓದ್ರೂ ನಿಲ್ಲಲ್ಲ.”

2. ನಡೆಯುವ ಕಲ್ಲು

ಎರಡು ರಾಗಿ ಹೊಲಗಳ ನಡುವಿನ ಗಡಿಕಲ್ಲು ನಕ್ಷೆಯಲ್ಲಿ ಒಂದು ಕಡೆ, ನೆಲದ ಮೇಲೆ ಇನ್ನೊಂದು ಕಡೆ. ಟೇಪು ಹಿಡಿದು ನೋಡಿದೆ: ಹನ್ನೆರಡು ಅಡಿ ವ್ಯತ್ಯಾಸ. ಎರಡನೇ ಸಲ ಅಳೆದೆ, ಹನ್ನೆರಡೇ.

ಕಲ್ಲಿಗೆ ಅರಿಸಿನ ಮೆತ್ತಿ ಕುಂಕುಮ ಇಟ್ಟಿತ್ತು. ಕೇಳಿದರೆ, ಪ್ರತಿ ಪೊಂಗಲ್‌ಗೂ ಅದನ್ನು ಕಿತ್ತು, ಕೆರೆಗೆ ಹೊತ್ತುಕೊಂಡು ಹೋಗಿ ಸ್ನಾನ ಮಾಡಿಸಿ, ಪೂಜೆ ಮಾಡಿ, ಮತ್ತೆ ನೆಡುತ್ತಾರಂತೆ. ಆ ಸೇವೆ ಪಡುವಣ ಹೊಲದವನ ಮನೆತನದ್ದು.

“ಮತ್ತೆ ನೆಡುವಾಗ ಅದೇ ಗುಂಡಿಯಲ್ಲಿ ನೆಡುತ್ತೀರಾ?” ಎಂದು ಕೇಳಿದೆ.

ಅವನು ಕಲ್ಲಿಗೆ ಕೈಮುಗಿದ. “ನಾವು ನೆಟ್ಟಂಗೆ ನಿಲ್ಲಾಕೆ ಅದು ಬರೀ ಕಲ್ಲಾ ಟೀಚರಮ್ಮ? ಸಾಮಿ. ಆಗಾಗ ನಡೀತದೆ.”

ಮೂಡಣ ಹೊಲದವನು ಇಷ್ಟು ಹೊತ್ತು ಬದುವಿನ ಮೇಲೆ ಕೂತು ಕಡ್ಡಿ ಕಚ್ಚುತ್ತಿದ್ದ. ಎದ್ದು ಬಂದು ಅವನೂ ಕಲ್ಲಿಗೆ ಕೈಮುಗಿದ.

“ಸಾಮಿ ನಡೀತದೆ, ನಾನೂ ಒಪ್ತೀನಿ. ವರ್ಸಾ ವರ್ಸಾ ನನ್ ಒಲದ ಕಡೀಕೇ ಯಾಕ್ ನಡೀತದೆ? ಒಂದ್ ವರ್ಸನಾರ ಅವ್ನ ಕಡೀಕೆ ವಾಕಿಂಗ್ ಓಗ್ಬಾರ್ದಾ?”

3. ಹುಣಸೆ ಮರದ ಕೆಳಗೆ

ಊರ ನಡುವಿನ ಹುಣಸೆ ಮರಕ್ಕೂ ಒಂದು ಸರ್ವೆ ನಂಬರಿದೆ. ಫಾರಂನಲ್ಲಿ ಒಂದು ಜಾಗಕ್ಕೆ ಒಂದೇ ಬಳಕೆ ಬರೆಯಬಹುದು. ಬೆಳಗ್ಗೆ ಹೋದಾಗ ಅಲ್ಲಿ ಕ್ಷೌರ ನಡೆಯುತ್ತಿತ್ತು; ‘ಅಂಗಡಿ’ ಎಂದು ಬರೆದೆ. ಮಧ್ಯಾಹ್ನ ಹೆಂಗಸರು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ಹೊಡೆದುಹಾಕಿ ‘ಗುಡಿ ಕೈಗಾರಿಕೆ’ ಎಂದು ಬರೆದೆ. ಸಂಜೆ ಎರಡು ಮನೆಯವರ ಜಗಳದ ಪಂಚಾಯ್ತಿ ಸೇರಿತ್ತು. ಮತ್ತೆ ಹೊಡೆದುಹಾಕಿದೆ. ಒಂದು ಸಾಲನ್ನು ಮೂರು ಸಲ ತಿದ್ದುವುದು ನನ್ನ ಮಟ್ಟಿಗೆ ಅವಮಾನದ ವಿಷಯ.

ಕಟ್ಟೆಯ ಮೂಲೆಯಲ್ಲಿ ಮಲಗಿದ್ದ ಒಬ್ಬ ತಾತ ಕಣ್ಣು ತೆರೆಯದೆಯೇ ನನ್ನ ಕಷ್ಟ ಪರಿಹರಿಸಿದ.

“ನಿದ್ದೆ ಅಂತ ಬರ್ಕೊಳಮ್ಮ. ಅದೊಂದೇ ಇಲ್ಲಿ ಎಲ್ಲಾ ಒತ್ನಾಗೂ ನಡೆಯೋದು. ಪಂಚಾಯ್ತಿ ಮಾಡೋರೂ ಅದನ್ನೇ ಮಾಡ್ತಾವ್ರೆ, ತಿರುಗಿ ನೋಡು.”

ತಿರುಗಿ ನೋಡಿದೆ. ಮಧ್ಯದಲ್ಲಿ ಕೂತ ಹಿರಿಯರು ಗೊರಕೆ ಹೊಡೆಯುತ್ತಿದ್ದರು.

4. ಆಕ್ಷೇಪಣೆ ಪೆಟ್ಟಿಗೆ

ಕರಡು ನಕ್ಷೆಯನ್ನು ಪಂಚಾಯ್ತಿ ಕಚೇರಿಯ ಗೋಡೆಗೆ ಹಚ್ಚಿ, ಕೆಳಗೆ ಒಂದು ಪೆಟ್ಟಿಗೆ ಇಟ್ಟೆವು. ಯಾರಿಗೆ ಏನು ಆಕ್ಷೇಪಣೆ ಇದ್ದರೂ ಬರೆದು ಹಾಕಬಹುದು. ಗಡುವು ಮುಗಿದ ದಿನ ಗ್ರಾಮಾಧಿಕಾರಿಯ ಎದುರು ಬೀಗ ತೆಗೆದೆ. ಹನ್ನೊಂದು ಬಂದಿದ್ದವು.

ಆರರಲ್ಲಿ ಬಸ್ಸು ಕೇಳಿದ್ದರು. ಎರಡು ರೇಷನ್ ಕಾರ್ಡಿನ ಅರ್ಜಿ. ಒಬ್ಬನದು, ನಕ್ಷೆಯಲ್ಲಿ ಅಣ್ಣನ ಮನೆಯ ಹಳದಿ ತನ್ನ ಮನೆಯ ಹಳದಿಗಿಂತ ಗಾಢವಾಗಿದೆ, ಈ ಪಕ್ಷಪಾತ ಯಾಕೆ ಎಂದು. ಹತ್ತನೆಯದನ್ನು ಗ್ರಾಮಾಧಿಕಾರಿ ಗಟ್ಟಿಯಾಗಿ ಓದಿದರು:

“ಅಳತೆಗೆ ಬರುವ ಟೀಚರಮ್ಮ ಮಧ್ಯಾಹ್ನ ಊಟ ಮಾಡುವುದಿಲ್ಲ. ಎರಡು ಬಿಸ್ಕತ್ತು ತಿಂದು ನೀರು ಕುಡಿಯುತ್ತಾರೆ. ಇದಕ್ಕೆ ನಮ್ಮ ಬೀದಿಯ ಆಕ್ಷೇಪಣೆ ಇದೆ.” ಕೆಳಗೆ ಏಳು ರುಜು, ಎರಡು ಹೆಬ್ಬೆಟ್ಟು.

ನಾನು ತಲೆ ಎತ್ತಲಿಲ್ಲ. ಇಪ್ಪತ್ತಾರು ವರ್ಷ ಇಬ್ಬರಿಗೆ ಅಕ್ಕಿ ಹಾಕಿದ ಕೈಗೆ ಒಬ್ಬರ ಅಳತೆ ಸಿಗುತ್ತಿರಲಿಲ್ಲ. ಹಾಗಾಗಿ ಡಬ್ಬಿ ಕಟ್ಟುವುದನ್ನೇ ಬಿಟ್ಟಿದ್ದೆ. ಯಾರಿಗೂ ಹೇಳಿರಲಿಲ್ಲ, ಯಾರೂ ನೋಡಿಲ್ಲ ಅಂದುಕೊಂಡಿದ್ದೆ.

“ನಿಯಮ ಗೊತ್ತಲ್ಲ ಟೀಚರ್? ಪ್ರತಿ ಆಕ್ಷೇಪಣೆಗೂ ಸ್ಥಳಕ್ಕೆ ಹೋಗಿ ನೋಡಿ ಉತ್ತರ ಬರೆಯಬೇಕು” ಎಂದರು ಗ್ರಾಮಾಧಿಕಾರಿ.

ಸ್ಥಳಕ್ಕೆ ಹೋದೆ. ಬಾಳೆಲೆ ಹಾಸಿ, ರಾಗಿ ಮುದ್ದೆ ಇಟ್ಟು, ಹುರುಳಿ ಸಾರು ಸುರಿದರು. ಒಂಬತ್ತು ಜನ ಸುತ್ತ ನಿಂತು ನಾನು ನುಂಗುವುದನ್ನು ಎಣಿಸಿದರು. ವಾಪಸು ಬಂದು ರಿಜಿಸ್ಟರಿನಲ್ಲಿ ಬರೆದೆ: ‘ಪರಿಶೀಲಿಸಲಾಯಿತು. ಆಕ್ಷೇಪಣೆ ನ್ಯಾಯವಾದದ್ದು. ಒಂದೂವರೆ ಮುದ್ದೆ.’ ಆ ಬೀದಿಯ ಉಪಕಾರ ಯಾವ ಕಾಲಮ್ಮಿನಲ್ಲೂ ಹಿಡಿಸುವುದಿಲ್ಲ.

ಹನ್ನೊಂದನೆಯದು ಚೀಟಿಯಲ್ಲ, ಕಾಗದದ ಪೊಟ್ಟಣ. ಬಿಚ್ಚಿದರೆ ಒಂದು ಹಿಡಿ ಕುರಿ ಹಿಕ್ಕೆ. ಕುರಿಯವ್ವ ಬಾಗಿಲಲ್ಲೇ ಕಾಯುತ್ತಿದ್ದಳು.

“ನಂಗೆ ಅಕ್ಸರ ಬರಲ್ಲ ಸಾಮಿ. ಆ ಬಯಲಾಗೆ ಕುರಿ ಇರ್ತಾವೆ ಅಂತ ಕುರೀನೇ ಬರ್ದುಕೊಟ್ಟೈತೆ, ಓದ್ಕೊಳ್ಳಿ.”

“ಇದನ್ನು ನಾನು ಫೈಲಿನಲ್ಲಿ ಹೇಗಮ್ಮ ಇಡುವುದು?” ಗ್ರಾಮಾಧಿಕಾರಿ ಮೂಗು ಮುಚ್ಚಿಕೊಂಡರು.

“ಯಾಕ್ ಎದ್ರಿಕೋತೀರಾ? ಎರಡ್ ದಿನ ಒಣಗ್ಸೇ ತಂದಿವ್ನಿ.”

5. ತನಿಖೆ

ಆ ಹನ್ನೊಂದನೇ ಆಕ್ಷೇಪಣೆಯ ಮೇಲೆ ಜಿಲ್ಲೆಯ ಅಧಿಕಾರಿ ಬಯಲನ್ನು ನೋಡಲು ಬರುವುದೆಂದು ತೀರ್ಮಾನವಾಯಿತು. ಅವರು ಕಣ್ಣಾರೆ ಕಂಡು ‘ಮೇವು’ ಎಂದು ಬರೆದರೆ ಹಸಿರು. ಇಲ್ಲದಿದ್ದರೆ ಹಳದಿಯೇ ಖಾಯಂ. ಊರಿಗೆಲ್ಲ ಇದನ್ನು ಬಿಡಿಸಿ ಹೇಳಿದ್ದೆ. ನಾನು ಹೇಳದೆ ಬಿಟ್ಟದ್ದು ಒಂದೇ ಒಂದು ಮಾತು: ಬಯಲನ್ನು ಇದ್ದ ಹಾಗೇ ಬಿಡಿ ಅಂತ. ಅದನ್ನೂ ಹೇಳಬೇಕಾಗುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

ಅಧಿಕಾರಿಯ ಜೀಪಿನಲ್ಲೇ ನಾಲ್ಕೂವರೆಗೆ ಅಲ್ಲಿಗೆ ಹೋಗಿ ಇಳಿದೆ. ಬಯಲು ಕಾಣಲಿಲ್ಲ. ಕಂಡದ್ದು ಶಾಮಿಯಾನ. ಎರಡು ದಿನದಿಂದ ಊರ ಹೆಂಗಸರೆಲ್ಲ ಸೇರಿ ಒಂಬತ್ತು ಎಕರೆಯನ್ನೂ ಗುಡಿಸಿದ್ದರು. ಒಂದು ಹಿಕ್ಕೆ ಇಲ್ಲ, ಒಂದು ಉಣ್ಣೆ ಎಳೆ ಇಲ್ಲ. ಸಗಣಿ ನೀರು ಚಿಮುಕಿಸಿ ರಂಗೋಲಿ ಹಾಕಿದ್ದರು. ಬಾಳೆಕಂದು, ಮಾವಿನ ತೋರಣ, ಸಾಲಾಗಿ ಪ್ಲಾಸ್ಟಿಕ್ ಕುರ್ಚಿ, ಮೈಕ್ ಸೆಟ್ಟು, ಬೇವಿನ ಮರಕ್ಕೆ ಕಟ್ಟಿದ ಎರಡು ಹಾರನ್ ಸ್ಪೀಕರು. ಕುರಿಯವ್ವ ಮಗಳ ಮದುವೆಯ ಸೀರೆ ಉಟ್ಟು ಆರತಿ ತಟ್ಟೆ ಹಿಡಿದು ನಿಂತಿದ್ದಳು.

“ಅವ್ವ, ಕುರಿಗಳೆಲ್ಲಿ?” ಎಂದೆ.

“ಊರ್ ಕುರೀನೆಲ್ಲ ಕೆರೆ ಆಚೆ ದೊಡ್ಡೀಗೆ ಕೂಡೀವಿ. ದೊಡ್ಡೋರು ಬತ್ತಾವ್ರೆ, ಗಲೀಜು ಮಾಡ್ಬಿಟ್ರೆ ಮರ್ವಾದಿ ಏನಾದೀತು?”

ಅಧಿಕಾರಿ ತರುಣ, ಒಳ್ಳೆಯವರು. ಕುರ್ಚಿಯಲ್ಲಿ ಕೂತು, ಎಳನೀರು ಕುಡಿದು, ಸುತ್ತ ನೋಡಿದರು. ತಮಿಳಿನಲ್ಲಿ ನನಗೆ ಹೇಳಿದರು, “ಇಲ್ಲಿ ಮೇವಿನ ಕುರುಹೇ ಇಲ್ಲವಲ್ಲ ಟೀಚರ್. ಕಂಡದ್ದನ್ನೇ ನಾನು ಬರೆಯಬೇಕು. ಸಭೆ ಸಮಾರಂಭಕ್ಕೆ ಬಳಸುವ ಖಾಲಿ ಜಾಗ ಎಂದು ಬರೆಯಲೇ?” ಪೆನ್ನಿನ ಮುಚ್ಚಳ ತೆಗೆದರು.

ತಮಿಳು ಕುರಿಯವ್ವನಿಗೂ ಚೆನ್ನಾಗಿ ಬರುತ್ತದೆ. ಆರತಿ ತಟ್ಟೆಯನ್ನು ತಲಯಾರಿಯ ಕೈಗೆ ತುರುಕಿದಳು. ಸ್ವಾಗತ ಭಾಷಣಕ್ಕೆಂದು ನಿಲ್ಲಿಸಿದ್ದ ಮೈಕಿನ ಮುಂದೆ ಹೋಗಿ ನಿಂತಳು. ಎಲ್ಲರೂ ಅವಳು ಏನೋ ಬೇಡಿಕೊಳ್ಳುತ್ತಾಳೆ ಅಂದುಕೊಂಡೆವು. ಅವಳು ಬಾಯಿ ತೆರೆದು,

“ಬಾಬಾಬಾ... ಟುರ್ರ್ರ್ರ್ರಾ...” ಎಂದಳು.

ಎರಡೂ ಹಾರನ್ನುಗಳು ಅದನ್ನು ಎತ್ತಿ ಕೆರೆಯ ಆಚೆಗೆ ಎಸೆದವು. ಆಮೇಲೆ ದೊಡ್ಡಿಯ ಮುಳ್ಳುಬೇಲಿ ಮುರಿದ ಸದ್ದು. ಕೆರೆ ಏರಿಯ ಮೇಲೆ ಧೂಳು. ಅವಳ ನಲವತ್ತು ಮುಂದೆ, ಊರಿನವೆಲ್ಲ ಹಿಂದೆ. ನನ್ನ ಎಣಿಕೆಗೆ ನಾನ್ನೂರಕ್ಕೆ ಕಡಿಮೆಯಿಲ್ಲ. ರಂಗೋಲಿ ಹೋಯಿತು, ತೋರಣ ಹೋಯಿತು, ಬಾಳೆಕಂದಿನ ಬುಡ ಮಾತ್ರ ಉಳಿಯಿತು. ಶಾಮಿಯಾನ ಒಂದು ಕಡೆ ವಾಲಿತು. ಗಂಟೆ ಐದಾಗಿತ್ತು, ಅವು ದಿನವೂ ಮಲಗುವ ಹೊತ್ತು. ತಮ್ಮ ತಮ್ಮ ಜಾಗ ಹುಡುಕಿ, ಕುರ್ಚಿಗಳ ನಡುವೆ, ಕುರ್ಚಿಗಳ ಕೆಳಗೆ, ಎಲ್ಲವೂ ಮಲಗಿಬಿಟ್ಟವು. ಒಂದು ದೊಡ್ಡ ಟಗರು ಅಧಿಕಾರಿಯ ಬೂಟಿನ ಮೇಲೆ ಗದ್ದ ಇಟ್ಟು ಕಣ್ಣು ಮುಚ್ಚಿತು.

ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ನಗು ನಿಲ್ಲಲಿಲ್ಲ. ಮನೆಗೆ ಹೋದ ತಕ್ಷಣ ಇದನ್ನು ನಮ್ಮ ಯಜಮಾನರಿಗೆ ಹೇಳಬೇಕು ಅಂದುಕೊಂಡೆ. ಆಮೇಲೆ ನೆನಪಾಯಿತು. ಆದರೂ ನಗು ನಿಲ್ಲಲಿಲ್ಲ. ಕಣ್ಣೀರು ಯಾವುದಕ್ಕೆ ಬಂತು ಎಂದು ಆ ಊರಿನವರು ಕೇಳಲಿಲ್ಲ. ಅದಕ್ಕೂ ಅವರಿಗೆ ನಾನು ಋಣಿ.

ಅಧಿಕಾರಿ ಬರೆದರು. ಬರೆದು ಪೆನ್ನು ಜೇಬಿಗಿಟ್ಟು, ಕುರಿಯವ್ವನನ್ನು ಮೆಲ್ಲಗೆ ಕೇಳಿದರು, “ಅಜ್ಜಿ, ಇವು ಯಾವಾಗ ಏಳುತ್ತವೆ?”

“ಬೆಳಗ್ಗೆ, ಸಾಮಿ.”

ಅವರ ಮುಖ ನೋಡಿ ಕುರಿಯವ್ವನಿಗೆ ಕರುಣೆ ಬಂತು. “ನಾನು ಸದ್ದು ಮಾಡುದ್ರೆ ಈಗ್ಲೇ ಏಳ್ತಾವೆ. ಮೊದ್ಲು ಬರ್ದಿದ್ದ ಓದಿ.”

ಓದಿದರು: “ಈಗಿನ ಬಳಕೆ, ಕುರಿ ಮೇವು. ಬಣ್ಣ, ಹಸಿರು.”

ಕುರಿಯವ್ವ ನನ್ನ ಕಡೆ ತಿರುಗಿದಳು. “ಟೀಚರಮ್ಮ, ಅಂಗೇ ಬರ್ದವ್ರಾ ನೋಡು.”

ಕುರಿಗಳ ಮೇಲೆ ಬಗ್ಗಿ ನೋಡಿದೆ. “ಹಾಗೇ ಬರೆದಿದ್ದಾರೆ ಅವ್ವ.”

“ರುಜು?”

“ಹಾಕಿದ್ದಾರೆ.”

“ಸೀಲು?”

ಸೀಲು ಜೀಪಿನಲ್ಲಿತ್ತು. ಜೀಪು ನಾನ್ನೂರು ಕುರಿಗಳ ಆಚೆ ನಿಂತಿತ್ತು. ಅಧಿಕಾರಿ ಒಮ್ಮೆ ಜೀಪನ್ನು ನೋಡಿದರು, ಒಮ್ಮೆ ಟಗರನ್ನು ನೋಡಿದರು, ಇನ್ನೊಂದು ಎಳನೀರು ಕೇಳಿದರು.